ಚಳಿಗಾಲ ಮುಗಿದ ಮೇಲೆ ಮನೆಯ ಹೀಟಿಂಗ್ ಬಾಯ್ಲರ್: ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿ ಯಾವ ಬಾಯ್ಲರ್ ಬಗ್ಗೆ ಮಾತು?

ಸ್ನಾನಕ್ಕೆ ನೀರು ಕಾಯಿಸುವ ಬಾಯ್ಲರ್ ಅಲ್ಲ. ಇಡೀ ಮನೆಯನ್ನು ಬೆಚ್ಚಗಿಡುವ ಬಾಯ್ಲರ್. ಗ್ಯಾಸ್, ಎಣ್ಣೆ, ಸೌದೆ ಅಥವಾ ಪೆಲೆಟ್ (ಮರದ ಪುಡಿ ಒತ್ತಿ ಮಾಡಿದ ಸಣ್ಣ ತುಂಡು) ಉರಿಸಿ ಇದು ನೀರು ಕಾಯಿಸುತ್ತದೆ. ಪಂಪ್ ಆ ನೀರನ್ನು ಕೋಣೆ ಕೋಣೆಯ ರೇಡಿಯೇಟರ್‌ಗೆ ತಳ್ಳುತ್ತದೆ. ಕೋಣೆಗೆ ಶಾಖ ಬಿಟ್ಟು ತಣ್ಣಗಾದ ನೀರು ವಾಪಸ್ ಬಾಯ್ಲರ್‌ಗೆ ಬರುತ್ತದೆ. ಅದೇ ನೀರು ವರ್ಷಗಟ್ಟಲೆ ಸುತ್ತುತ್ತಿರುತ್ತದೆ. ಹೆಸರು ಬಾಯ್ಲರ್ ಅಂತ ಇದ್ದರೂ ಒಳಗೆ ನೀರು ಕುದಿಯುವುದಿಲ್ಲ, ಕುದಿಯಲೂಬಾರದು. ಹಬೆ ಕಳಿಸುವ ಹಳೆಯ ಸ್ಟೀಮ್ ಬಾಯ್ಲರ್‌ಗಳೂ ಇವೆ. ಅವುಗಳ ಲೆಕ್ಕವೇ ಬೇರೆ, ಇಲ್ಲಿ ಅವು ಬೇಡ.

ಚಳಿ ಹೋಯಿತು. ಆಫ್ ಮಾಡಿ ಸುಮ್ನೆ ಬಿಟ್ಟರೆ ಆಗಲ್ವಾ?

ಎಷ್ಟೋ ಜನ ಹಾಗೇ ಬಿಡುತ್ತಾರೆ. ಆದರೆ ಬಾಯ್ಲರ್ ದುಡಿಯುವಾಗ ಮಾತ್ರ ಸವೆಯುವುದಲ್ಲ, ಸುಮ್ನೆ ಕೂತಾಗಲೂ ಹಾಳಾಗುತ್ತದೆ. ಉರಿಯುತ್ತಿರುವ ಬಾಯ್ಲರ್ ಬಿಸಿಯಾಗಿರುತ್ತದೆ, ಅದರ ಒಲೆಯಲ್ಲಿ ತೇವ ನಿಲ್ಲುವುದಿಲ್ಲ. ಆರಿಸಿದ ಮೇಲೆ ಕಬ್ಬಿಣ ತಣ್ಣಗಾಗುತ್ತದೆ. ಬೇಸಿಗೆಯ ಗಾಳಿಯ ತೇವ ಒಳಗೆ ಹೋಗಿ ಮಸಿಯ ಮೇಲೆ ಕೂರುತ್ತದೆ. ಎಣ್ಣೆಯ ಮಸಿಯಲ್ಲಿ ಗಂಧಕ ಇರುತ್ತದೆ. ಅದಕ್ಕೆ ನೀರು ಸೇರಿದರೆ ಆಮ್ಲವಾಗುತ್ತದೆ. ಆ ಆಮ್ಲ ನಾಲ್ಕೈದು ತಿಂಗಳು ಯಾರ ಕಣ್ಣಿಗೂ ಬೀಳದೆ ಕಬ್ಬಿಣ ತಿನ್ನುತ್ತಾ ಕೂರುತ್ತದೆ.

ನಾನು ಒಂದೇ ಸೂತ್ರ ಇಟ್ಟುಕೊಂಡಿದ್ದೇನೆ: ಬೆಂಕಿಯ ಕಡೆ ಒಣಗಿರಬೇಕು, ನೀರಿನ ಕಡೆ ತುಂಬಿರಬೇಕು. ಮುಂದೆ ಬರುವ ಉತ್ತರಗಳಲ್ಲಿ ಮುಕ್ಕಾಲು ಪಾಲು ಇದರಿಂದಲೇ ಹುಟ್ಟಿದವು.

ಸರ್ವಿಸ್ ಚಳಿಗಾಲ ಶುರುವಾಗುವ ಮುಂಚೆ ಮಾಡಿಸುವುದಲ್ವಾ?

ಹೆಚ್ಚಿನವರು ಆಗಲೇ ಮಾಡಿಸುತ್ತಾರೆ. ಅದಕ್ಕೇ ಆಗ ಮೆಕ್ಯಾನಿಕ್ ಸಿಗುವುದಿಲ್ಲ. ಚಳಿ ಮುಗಿದಾಗ ಮಾಡಿಸಿದರೆ ಅವರಿಗೂ ಪುರುಸೊತ್ತು ಇರುತ್ತದೆ. ಬಿಡಿಭಾಗ ಬರುವುದು ಮೂರು ವಾರ ತಡವಾದರೂ ಮನೆಯಲ್ಲಿ ಯಾರೂ ನಡುಗುವುದಿಲ್ಲ. ಇನ್ನೊಂದು ಲಾಭವೂ ಇದೆ. ಎಲ್ಲಿ ಸದ್ದು ಬರುತ್ತಿತ್ತು, ಯಾವ ಕೋಣೆ ಬಿಸಿಯಾಗುತ್ತಿರಲಿಲ್ಲ ಅನ್ನುವುದು ಆಗ ನೆನಪಿನಲ್ಲಿ ಇರುತ್ತದೆ. ಆರು ತಿಂಗಳಾದ ಮೇಲೆ ಕೇಳಿದರೆ "ಏನೋ ಒಂದು ಸದ್ದು ಬರ್ತಿತ್ತು" ಅನ್ನುವುದಷ್ಟೇ ಉಳಿದಿರುತ್ತದೆ.

ಪೂರ್ತಿ ಆರಿಸುವ ಮುಂಚೆ ಒಂದು ಸಲ ಎಲ್ಲ ರೇಡಿಯೇಟರ್ ತೆರೆದು ಮನೆಯನ್ನು ಚೆನ್ನಾಗಿ ಕಾಯಿಸಿ. ಕೈಯಲ್ಲಿ ಒಂದು ಚೀಟಿ ಹಿಡಿದು ಕೋಣೆ ಕೋಣೆಗೆ ಹೋಗಿ ಬನ್ನಿ. ಯಾವುದು ಮೇಲೆ ತಣ್ಣಗಿದೆ, ಯಾವುದು ಕೆಳಗೆ ತಣ್ಣಗಿದೆ, ಎಲ್ಲಿ ತೊಟ್ಟಿಕ್ಕುತ್ತಿದೆ ಅಂತ ಬರೆದುಕೊಳ್ಳಿ. ಮೆಕ್ಯಾನಿಕ್ ಬಂದಾಗ ಅದನ್ನೇ ತೋರಿಸಿ.

ಬೇಸಿಗೆಯಲ್ಲಿ ಪೈಪಿನ ನೀರು ಖಾಲಿ ಮಾಡಬೇಕಾ?

ಬೇಡ. ಈ ಪ್ರಶ್ನೆಗೆ ನಾನು ಎಷ್ಟು ಸಲ ಉತ್ತರ ಕೊಟ್ಟಿದ್ದೇನೋ ಲೆಕ್ಕ ಇಲ್ಲ.

ಹಳೆಯ ನೀರು ನೋಡಲು ಗಲೀಜಾಗಿರುತ್ತದೆ, ತೆಗೆದು ಹೊಸದು ತುಂಬಿದರೆ ಒಳ್ಳೆಯದು ಅಂತ ಅನ್ನಿಸುವುದು ಸಹಜ. ನಿಜ ತಿರುಗಾಮುರುಗಾ. ತುಕ್ಕು ಹಿಡಿಯಲು ಆಮ್ಲಜನಕ ಬೇಕು. ಹೊಸ ನೀರಿನಲ್ಲಿ ಅದು ಕರಗಿರುತ್ತದೆ. ತುಂಬಿದ ಕೆಲವು ದಿನಗಳಲ್ಲಿ ಆ ಆಮ್ಲಜನಕವೆಲ್ಲ ಕಬ್ಬಿಣದ ಜೊತೆ ಸೇರಿ ಖರ್ಚಾಗುತ್ತದೆ. ಆಮೇಲೆ ನೀರು ಒಂದು ರೀತಿ ಸತ್ತ ನೀರು. ಅದರಿಂದ ಹೊಸ ತುಕ್ಕು ಹುಟ್ಟುವುದು ತೀರಾ ಕಡಿಮೆ. ಆ ನೀರು ಚೆಲ್ಲಿ ಹೊಸದು ಹಾಕಿದರೆ ತುಕ್ಕಿಗೆ ಮತ್ತೊಂದು ಕಂತು ಆಮ್ಲಜನಕ ಕೊಟ್ಟಂತೆ. ಗಡಸು ನೀರಾದರೆ ಜೊತೆಗೆ ಸುಣ್ಣದ ಪದರವೂ ಕೂರುತ್ತದೆ.

ಇದಕ್ಕಿಂತ ಕೆಟ್ಟದ್ದು ಖಾಲಿ ಮಾಡಿ ಖಾಲಿಯೇ ಬಿಡುವುದು. ಎಷ್ಟೇ ಬಸಿದರೂ ರೇಡಿಯೇಟರ್‌ನ ತಳದಲ್ಲಿ ಒಂದಿಷ್ಟು ನೀರು ನಿಲ್ಲುತ್ತದೆ. ಮೇಲೆ ಗಾಳಿ, ಕೆಳಗೆ ತೇವ. ತುಕ್ಕಿಗೆ ಇದಕ್ಕಿಂತ ಒಳ್ಳೆಯ ಜಾಗ ಎಲ್ಲಿ ಸಿಗಬೇಕು?

ಹಾಗಾದರೆ ನೀರು ತೆಗೆಯುವ ಪ್ರಸಂಗವೇ ಇಲ್ಲವಾ?

ಇದೆ. ಮನೆಗೆ ಬೀಗ ಹಾಕಿ ತಿಂಗಳುಗಟ್ಟಲೆ ಹೋಗುತ್ತೀರಿ, ಆ ಹೊತ್ತಿನಲ್ಲಿ ಹಿಮ ಬೀಳುವಷ್ಟು ಚಳಿ ಬರಬಹುದು, ಕರೆಂಟ್ ಹೋದರೆ ನೋಡುವವರಿಲ್ಲ. ಆಗ ತೆಗೆಯಿರಿ, ಇಲ್ಲವೇ ನೀರು ಗಡ್ಡೆ ಕಟ್ಟದಂತೆ ತಡೆಯುವ ಆಂಟಿಫ್ರೀಜ್ ದ್ರವ ಹಾಕಿಸಿ. ನೀರು ಗಡ್ಡೆ ಕಟ್ಟುವಾಗ ಸುಮಾರು 9 ಶೇಕಡಾ ಹಿಗ್ಗುತ್ತದೆ. ಆ ಒತ್ತಡಕ್ಕೆ ಎರಕದ ಕಬ್ಬಿಣವೂ ಬಿರಿಯುತ್ತದೆ. ಗಸಿ ಜಾಸ್ತಿಯಾಗಿ ಪೂರ್ತಿ ತೊಳೆಸಬೇಕಾದಾಗ, ಭಾಗ ಬದಲಿಸುವಾಗ ಕೂಡ ತೆಗೆಯಲೇಬೇಕು. ಆಗ ಹೊಸ ನೀರಿನ ಜೊತೆ ತುಕ್ಕು ತಡೆಯುವ ಇನ್ಹಿಬಿಟರ್ ದ್ರವ ಹಾಕಿಸುವುದನ್ನು ಮರೆಯಬೇಡಿ.

ಆಂಟಿಫ್ರೀಜ್ ಬಗ್ಗೆ ಒಂದು ಮಾತು. ಕಾರಿಗೆ ಹಾಕುವುದನ್ನು ಇಲ್ಲಿ ಹಾಕಬೇಡಿ. ಅದರಲ್ಲಿ ಸಾಮಾನ್ಯವಾಗಿ ಎಥಿಲೀನ್ ಗ್ಲೈಕಾಲ್ ಇರುತ್ತದೆ, ವಿಷ. ಮನೆಗೆ ಪ್ರೊಪಿಲೀನ್ ಗ್ಲೈಕಾಲ್ ಇರುವುದು ಬೇಕು, ಅದೂ ಹೀಟಿಂಗ್‌ಗೆಂದೇ ಮಾಡಿದ್ದು. ಅದರಲ್ಲಿ ಬೆರೆಸಿದ ತುಕ್ಕು ತಡೆಯುವ ಅಂಶ ಕಾಲ ಹೋದಂತೆ ಕರಗುತ್ತದೆ. ಆಮೇಲೆ ಗ್ಲೈಕಾಲ್ ತಾನೇ ಹುಳಿಯಾಗಿ ಲೋಹ ತಿನ್ನಲು ಶುರುಮಾಡುತ್ತದೆ. ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಿ.

ಬಳಸುವುದೇ ಇಲ್ಲವಲ್ಲ, ಮೇನ್ ಸ್ವಿಚ್ ಆರಿಸಿಬಿಡಲಾ?

ನಾನು ಒಂದು ವರ್ಷ ಆರಿಸಿದ್ದೆ. ಕರೆಂಟ್ ಉಳಿಯುತ್ತದೆ ಅನ್ನುವ ಜಾಣತನ. ಐದು ತಿಂಗಳು ಕಳೆದು ಮೊದಲ ಚಳಿಯ ರಾತ್ರಿ ಆನ್ ಮಾಡಿದೆ. ಬರ್ನರ್ ಹತ್ತಿಕೊಂಡಿತು. ಎರಡೇ ನಿಮಿಷದಲ್ಲಿ ಬಾಯ್ಲರ್ ವಿಪರೀತ ಬಿಸಿಯಾಗಿ ತಾನಾಗೇ ಆರಿತು. ರೇಡಿಯೇಟರ್ ಮುಟ್ಟಿದರೆ ಐಸ್. ಪಂಪ್ ಮೇಲೆ ಕೈ ಇಟ್ಟರೆ ಸಣ್ಣಗೆ "ಗುಂ" ಅನ್ನುತ್ತಿದೆ, ತಿರುಗುತ್ತಿಲ್ಲ. ಓಡದೆ ಕೂತ ಪಂಪಿನ ಒಳಗೆ ಗಸಿ ಗಟ್ಟಿಯಾಗಿ ಶಾಫ್ಟ್ ಹಿಡಿದುಕೊಂಡಿತ್ತು.

ಹಳೆಯ ಮಾದರಿಯ ಪಂಪ್ ಆಗಿದ್ದರಿಂದ ಬಚಾವಾದೆ. ಅದರ ಮುಖದ ನಡುವೆ ಒಂದು ದಪ್ಪ ಸ್ಕ್ರೂ ಇರುತ್ತದೆ. ಕರೆಂಟ್ ತೆಗೆದು, ಬಾಯ್ಲರ್ ತಣ್ಣಗಾಗಲು ಬಿಟ್ಟು, ಕೆಳಗೆ ಬಟ್ಟೆ ಇಟ್ಟು ಆ ಸ್ಕ್ರೂ ಬಿಚ್ಚಿದೆ. ನಾಲ್ಕು ಹನಿ ಕಪ್ಪು ನೀರು ಬಂತು. ಒಳಗೆ ಶಾಫ್ಟಿನ ತುದಿಯಲ್ಲಿ ಸಣ್ಣ ಸೀಳು ಕಾಣುತ್ತದೆ. ಅದಕ್ಕೆ ಸ್ಕ್ರೂಡ್ರೈವರ್ ಕೊಟ್ಟು ಆಚೆ ಈಚೆ ತಿರುವಿದೆ. ಮೊದಲು ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ. ಆಮೇಲೆ ಕರಕ್ ಅಂತ ಬಿಟ್ಟುಕೊಂಡಿತು. ಈಗಿನ ಎಷ್ಟೋ ಪಂಪ್‌ಗಳಲ್ಲಿ ಈ ಸ್ಕ್ರೂ ಇರುವುದಿಲ್ಲ.

ಈಗಿನ ಹೆಚ್ಚಿನ ಬಾಯ್ಲರ್‌ಗಳು ಹೀಟಿಂಗ್ ಬಂದ್ ಇದ್ದರೂ ಪಂಪನ್ನು ಆಗಾಗ ಕೆಲವು ಕ್ಷಣ ತಿರುಗಿಸಿಕೊಳ್ಳುತ್ತವೆ. ಚಳಿ ಜಾಸ್ತಿಯಾದರೆ ನೀರು ಹೆಪ್ಪುಗಟ್ಟದ ಹಾಗೆ ತಾವಾಗೇ ಹತ್ತಿಕೊಳ್ಳುತ್ತವೆ. ಕರೆಂಟ್ ಇದ್ದರೆ ಮಾತ್ರ ಇದೆಲ್ಲ. ಹಾಗಾಗಿ ಮೇನ್ ಸ್ವಿಚ್ ಮುಟ್ಟಬೇಡಿ. ಬಾಯ್ಲರ್ ಮುಖದಲ್ಲಿ ಸೂರ್ಯನ ಗುರುತೋ ನಲ್ಲಿಯ ಗುರುತೋ ಇರುವ ಸಮ್ಮರ್ ಮೋಡ್ ಇರುತ್ತದೆ, ಅದಕ್ಕೆ ಹಾಕಿ. ನಿಮ್ಮ ಬಾಯ್ಲರ್ ಹಳೆಯದಾಗಿದ್ದು ಈ ಸೌಲಭ್ಯ ಇಲ್ಲದಿದ್ದರೆ ತಿಂಗಳಿಗೊಮ್ಮೆ ಥರ್ಮೋಸ್ಟಾಟ್ ಏರಿಸಿ ಹತ್ತು ನಿಮಿಷ ಓಡಿಸಿ. ಬೇಸಿಗೆಯಲ್ಲಿ ಹೀಟರ್ ಹಾಕಿದ್ದಕ್ಕೆ ಮನೆಯವರು ನಗಬಹುದು, ನಗಲಿ.

ರೇಡಿಯೇಟರ್ ಪಕ್ಕದ ತಿರುಗುಣಿಯನ್ನು ಸೊನ್ನೆಗೆ ಇಡಬೇಕಾ?

ಅಂಕಿ ಬರೆದಿರುವ ಥರ್ಮೋಸ್ಟಾಟ್ ವಾಲ್ವ್ ಆದರೆ ಪೂರ್ತಿ ತೆರೆದಿಡಿ. ಅದರ ತಲೆಯ ಕೆಳಗೆ, ವಾಲ್ವಿನಲ್ಲಿ, ಒಂದು ಸಣ್ಣ ಪಿನ್ ಇದೆ. ಮುಚ್ಚಿಟ್ಟರೆ ಆ ಪಿನ್ ತಿಂಗಳುಗಟ್ಟಲೆ ಅದುಮಿಕೊಂಡೇ ಇದ್ದು ಅಲ್ಲೇ ಅಂಟಿಕೊಳ್ಳುತ್ತದೆ. ಒಂದೇ ಒಂದು ಕೋಣೆ ಬಿಸಿಯಾಗುತ್ತಿಲ್ಲ ಅನ್ನುವ ದೂರಿಗೆ ಬಹಳ ಸಲ ಕಾರಣ ಇದೇ. ಅಂಟಿಕೊಂಡಿದ್ದರೆ ತಲೆ ಬಿಚ್ಚಿ ಪಿನ್ನನ್ನು ಯಾವುದಾದರೂ ಚಪ್ಪಟೆ ವಸ್ತುವಿನಿಂದ ಮೆಲ್ಲಗೆ ಒತ್ತಿ ಬಿಡಿ. ತಾನಾಗೇ ಎದ್ದು ಬರಬೇಕು. ಇಕ್ಕಳದಲ್ಲಿ ಹಿಡಿದು ಎಳೆಯಬೇಡಿ, ಕಿತ್ತು ಬಂದರೆ ನೀರು ಚಿಮ್ಮುತ್ತದೆ.

ಪ್ರೆಶರ್ ಎಷ್ಟಿರಬೇಕು?

ಮುಚ್ಚಿದ ಸಿಸ್ಟಂ ಇರುವ ಮನೆಗಳಲ್ಲಿ ನೀರು ತಣ್ಣಗಿದ್ದಾಗ ಸಾಮಾನ್ಯವಾಗಿ 1ರಿಂದ 1.5 ಬಾರ್ (ಬಾರ್ ಅಂದರೆ ಒತ್ತಡದ ಅಳತೆ). ಬಿಸಿಯಾದಾಗ 2ರ ಹತ್ತಿರ ಹೋಗಬಹುದು. ಗೇಜಿನಲ್ಲಿ ಪಿಎಸ್ಐ ಲೆಕ್ಕ ಇದ್ದರೆ 1 ಬಾರ್ ಅಂದರೆ 14.5 ಪಿಎಸ್ಐ. ಮನೆಗಳ ಸೇಫ್ಟಿ ವಾಲ್ವ್ ಸಾಮಾನ್ಯವಾಗಿ 3 ಬಾರ್‌ಗೆ ತೆರೆದುಕೊಂಡು ನೀರು ಹೊರಹಾಕುತ್ತದೆ. 1 ಬಾರ್ ಒತ್ತಡ ನೀರನ್ನು ಸುಮಾರು 10 ಮೀಟರ್ ಎತ್ತರಕ್ಕೆ ಏರಿಸುತ್ತದೆ. ಎರಡು ಮಹಡಿಯ ಮನೆಗೆ ಇದು ಯಾಕೆ ಸಾಕಾಗುತ್ತದೆ ಅಂತ ಅದರಿಂದಲೇ ಗೊತ್ತಾಗುತ್ತದೆ.

ಋತು ಮುಗಿದಾಗ ತಣ್ಣಗಿನ ಪ್ರೆಶರ್ ನೋಡಿ, ಗೇಜಿನ ಗಾಜಿನ ಮೇಲೆ ಮಾರ್ಕರ್‌ನಲ್ಲಿ ಒಂದು ಗೆರೆ ಎಳೆಯಿರಿ. ನೀರು ತುಂಬುವ ವಾಲ್ವ್ ಗಟ್ಟಿಯಾಗಿ ಮುಚ್ಚಿ. ತಿಂಗಳಿಗೊಮ್ಮೆ ಆ ಕಡೆ ಹೋದಾಗ ಮುಳ್ಳು ನೋಡಿ. ಗೆರೆಯಲ್ಲೇ ಇದ್ದರೆ ಸೋರಿಕೆ ಇಲ್ಲ. ಇಳಿದಿದ್ದರೆ ಬಹುಶಃ ಎಲ್ಲೋ ನೀರು ಹೋಗುತ್ತಿದೆ. ಬೇಸಿಗೆಯಷ್ಟು ಸುಲಭವಾಗಿ ಇದನ್ನು ಪತ್ತೆ ಮಾಡುವ ಕಾಲ ಇನ್ನೊಂದಿಲ್ಲ, ಯಾಕೆಂದರೆ ಬಿಸಿ ಪೈಪಿನ ಮೇಲೆ ಬಿದ್ದ ಹನಿ ಆವಿಯಾಗಿ ಹೋಗುತ್ತದೆ, ತಣ್ಣನೆಯ ಪೈಪಿನ ಮೇಲೆ ಗುರುತು ಉಳಿಯುತ್ತದೆ. ತಾಮ್ರದ ಜಾಯಿಂಟಿನಲ್ಲಿ ಹಸಿರು ಕಲೆ, ಕಬ್ಬಿಣದ ಜಾಯಿಂಟಿನಲ್ಲಿ ಕಂದು ಕಲೆ ಹುಡುಕಿ.

ಬಿಸಿಯಾದಾಗ ಪ್ರೆಶರ್ 3ಕ್ಕೆ ಏರುತ್ತೆ, ತಣ್ಣಗಾದಾಗ ಸೊನ್ನೆಗೆ ಇಳಿಯುತ್ತೆ. ಸೋರಿಕೆ ಎಲ್ಲೂ ಕಾಣ್ತಿಲ್ಲ.

ಎಕ್ಸ್‌ಪ್ಯಾನ್ಶನ್ ಟ್ಯಾಂಕ್ ನೋಡಿಸಿ. 10 ಡಿಗ್ರಿಯ 100 ಲೀಟರ್ ನೀರು 80 ಡಿಗ್ರಿಗೆ ಬಂದರೆ ಹತ್ತಿರ ಹತ್ತಿರ 3 ಲೀಟರ್ ಹಿಗ್ಗುತ್ತದೆ. ಆ 3 ಲೀಟರಿಗೆ ಜಾಗ ಕೊಡುವುದೇ ಈ ಟ್ಯಾಂಕಿನ ಕೆಲಸ. ಒಳಗೆ ಒಂದು ರಬ್ಬರ್ ಪರದೆ, ಒಂದು ಕಡೆ ನೀರು, ಇನ್ನೊಂದು ಕಡೆ ಗಾಳಿ. ಗಾಳಿ ಇಳಿದು ಹೋದರೆ ಹಿಗ್ಗಿದ ನೀರಿಗೆ ಜಾಗ ಇಲ್ಲ. ಪ್ರೆಶರ್ ಏರುತ್ತದೆ, ಸೇಫ್ಟಿ ವಾಲ್ವ್ ನೀರು ಹೊರಗೆ ಬಿಡುತ್ತದೆ. ತಣ್ಣಗಾದಾಗ ಅಷ್ಟು ನೀರು ಕಡಿಮೆ. ನೀವು ಮತ್ತೆ ತುಂಬುತ್ತೀರಿ. ಪ್ರತಿ ಸಲ ಹೊಸ ಆಮ್ಲಜನಕ ಒಳಗೆ ಹೋಗುತ್ತದೆ. ಹೀಗೆ ವಾರಕ್ಕೊಮ್ಮೆ ನೀರು ತುಂಬುತ್ತಾ ಚಳಿಗಾಲ ಕಳೆದವರ ಬಾಯ್ಲರ್ ಬೇಗ ಮುದಿಯಾಗುತ್ತದೆ.

ಟ್ಯಾಂಕಿನ ತುದಿಯಲ್ಲಿ ಸೈಕಲ್ ಟ್ಯೂಬಿನಂಥ ವಾಲ್ವ್ ಇರುತ್ತದೆ. ಅದನ್ನು ಒಂದು ಕ್ಷಣ ಒತ್ತಿ ನೋಡಿ. ಗಾಳಿ ಬಂದರೆ ಪರದೆ ಬಹುಶಃ ಸರಿಯಿದೆ. ನೀರು ಬಂದರೆ ಹರಿದಿದೆ, ಟ್ಯಾಂಕ್ ಬದಲಿಸಬೇಕು. ಗಾಳಿ ಎಷ್ಟಿದೆ ಅಂತ ಅಳೆಯುವಾಗ ನೀರಿನ ಕಡೆಯ ಪ್ರೆಶರ್ ಸೊನ್ನೆ ಇರಲೇಬೇಕು, ಇಲ್ಲದಿದ್ದರೆ ನೀವು ಅಳೆಯುವುದು ನೀರಿನ ಒತ್ತಡವನ್ನು. ಮೆಕ್ಯಾನಿಕ್‌ಗಳೂ ಅವಸರದಲ್ಲಿ ಇದನ್ನು ಮರೆಯುವುದುಂಟು.

ಸೇಫ್ಟಿ ವಾಲ್ವಿನ ಗುಂಡಿ ತಿರುಗಿಸಿ ಪರೀಕ್ಷೆ ಮಾಡಲಾ?

ಹತ್ತು ವರ್ಷ ಯಾರೂ ಮುಟ್ಟದ ವಾಲ್ವನ್ನು ಭಾನುವಾರ ಸಂಜೆ ತಿರುಗಿಸಬೇಡಿ. ತೆರೆದದ್ದು ಸರಿಯಾಗಿ ಕೂರದೆ ಹನಿ ಹನಿ ಸುರಿಯಲು ಶುರುವಾಗುತ್ತದೆ. ಅದೇನೂ ಹಾಗೇ ಬಿಡಿ ಅನ್ನುವುದಕ್ಕೆ ನೆಪ ಅಲ್ಲ. ತೆರೆದುಕೊಳ್ಳದ ಸೇಫ್ಟಿ ವಾಲ್ವ್ ಇದ್ದೂ ಇಲ್ಲದ ಹಾಗೆ. ಸರ್ವಿಸ್ ದಿನ ಹೊಸ ವಾಲ್ವ್ ಕೈಯಲ್ಲಿರುವಾಗ ಮೆಕ್ಯಾನಿಕ್ ಕೈಯಲ್ಲೇ ಮಾಡಿಸಿ. ಅದರ ಔಟ್‌ಲೆಟ್ ಪೈಪಿಗೆ ಮಾತ್ರ ಯಾವತ್ತೂ ಬಿರಟೆ ಹಾಕಬೇಡಿ.

ರೇಡಿಯೇಟರ್ ಮೇಲೆ ತಣ್ಣಗೆ, ಕೆಳಗೆ ಬಿಸಿ. ಗಾಳಿ ತೆಗೆಯುವುದು ಹೇಗೆ?

ಹೀಟಿಂಗ್ ಆರಿಸಿ, ನೀರು ತಣ್ಣಗಾಗಲಿ. ಪಂಪ್ ಓಡುತ್ತಿರುವಾಗ ತೆಗೆದರೆ ಕೆಲವು ಕಡೆ ಗಾಳಿ ಹೊರಗೆ ಬರುವ ಬದಲು ಒಳಗೆ ಹೋಗುತ್ತದೆ. ಕೆಳಗಿನ ಮಹಡಿಯಿಂದ ಶುರುಮಾಡಿ.

ರೇಡಿಯೇಟರ್‌ನ ಮೇಲಿನ ಮೂಲೆಯಲ್ಲಿ ಚೌಕ ತಲೆಯ ಸಣ್ಣ ಸ್ಕ್ರೂ ಇರುತ್ತದೆ. ಅದಕ್ಕೊಂದು ಪುಟ್ಟ ಹಿತ್ತಾಳೆ ಕೀ. ಕೆಳಗೆ ಒಂದು ಲೋಟ ಹಿಡಿದು, ಗೋಡೆಗೆ ಒಂದು ಬಟ್ಟೆ ಅಡ್ಡ ಇಟ್ಟು, ಕಾಲು ಸುತ್ತು ತಿರುಗಿಸಿ. ಸಾಕು, ಪೂರ್ತಿ ಬಿಚ್ಚಬೇಡಿ. "ಸ್ಸ್" ಅಂತ ಗಾಳಿ ಬರುತ್ತದೆ. ಆಮೇಲೆ ಸದ್ದು ಒದ್ದೆಯಾಗುತ್ತದೆ, ಪಿಚಕ್ ಪಿಚಕ್ ಅಂತ ಎರಡು ಹನಿ ಉಗುಳುತ್ತದೆ. ಕೊನೆಗೆ ಒಂದೇ ಸಮನೆ ನೀರಿನ ಎಳೆ ಬರುತ್ತದೆ. ಆಗ ಮುಚ್ಚಿ. ಎಲ್ಲ ಮುಗಿದ ಮೇಲೆ ಗೇಜ್ ನೋಡಿ ಪ್ರೆಶರ್ ಸರಿಮಾಡಿ.

ಬರುವ ಗಾಳಿಯ ಹತ್ತಿರ ಬೆಂಕಿ ಹಿಡಿಯಬೇಡಿ. ಅದು ಯಾವಾಗಲೂ ಗಾಳಿಯೇ ಆಗಿರಬೇಕಿಲ್ಲ. ಒಳಗೆ ಲೋಹ ಸವೆಯುತ್ತಿದ್ದರೆ ಹೈಡ್ರೋಜನ್ ಹುಟ್ಟುತ್ತದೆ, ಅದು ಹತ್ತಿಕೊಳ್ಳುತ್ತದೆ. ಒಂದೇ ರೇಡಿಯೇಟರ್‌ನಲ್ಲಿ ಎರಡು ವಾರಕ್ಕೊಮ್ಮೆ ಗಾಳಿ ತುಂಬುತ್ತಿದ್ದರೆ ಸುಮ್ನೆ ತೆಗೆಯುತ್ತಾ ಕೂರಬೇಡಿ, ನೀರಿನ ಪರೀಕ್ಷೆ ಮಾಡಿಸಿ.

ಲೋಟಕ್ಕೆ ಬಂದ ನೀರು ಶಾಯಿ ಥರ ಕಪ್ಪಾಗಿದೆ. ಗಾಬರಿ ಪಡಬೇಕಾ?

ಗಾಬರಿ ಬೇಡ, ಗಮನ ಬೇಕು. ಆ ಕಪ್ಪು ಪುಡಿ ಮ್ಯಾಗ್ನೆಟೈಟ್, ಅಂದರೆ ಆಮ್ಲಜನಕ ಸಾಲದೆ ಅರ್ಧಕ್ಕೆ ನಿಂತ ಕಬ್ಬಿಣದ ತುಕ್ಕು. ನೀರು ಕೆಂಪು ಕಂದು ಬಣ್ಣದ್ದಾಗಿದ್ದರೆ ಅದು ಇನ್ನೂ ಕೆಟ್ಟ ಸುದ್ದಿ, ಎಲ್ಲಿಂದಲೋ ಹೊಸ ಗಾಳಿ ಅಥವಾ ಹೊಸ ನೀರು ಸೇರುತ್ತಿದೆ. ಕಪ್ಪು ನೀರನ್ನು ಗಾಜಿನ ಲೋಟದಲ್ಲಿ ಅರ್ಧ ಗಂಟೆ ಇಟ್ಟು ನೋಡಿ. ತಳದಲ್ಲಿ ತೆಳ್ಳಗೆ ಗಸಿ ಕೂತು ಮೇಲೆ ತಿಳಿಯಾದರೆ ಪರವಾಗಿಲ್ಲ. ಬೆರಳು ದಪ್ಪ ಕೂತರೆ ತೊಳೆಸಲೇಬೇಕು. ಕೆಳಗೆ ತಣ್ಣಗಿರುವ ರೇಡಿಯೇಟರ್‌ನ ಹೊಟ್ಟೆಯಲ್ಲಿ ಇರುವುದೂ ಇದೇ ಗಸಿ.

ಬಾಯ್ಲರ್‌ಗೆ ನೀರು ವಾಪಸ್ ಬರುವ ಪೈಪಿನಲ್ಲಿ ಮ್ಯಾಗ್ನೆಟಿಕ್ ಫಿಲ್ಟರ್ ಇದ್ದರೆ ಋತು ಮುಗಿದಾಗ ಬಿಚ್ಚಿ ತೊಳೆಯಿರಿ. ಎರಡೂ ಕಡೆಯ ವಾಲ್ವ್ ಮುಚ್ಚಿ, ಪ್ರೆಶರ್ ಬಿಟ್ಟು, ಮುಚ್ಚಳ ತೆಗೆಯಬೇಕು. ಅಯಸ್ಕಾಂತದ ಕಡ್ಡಿಯ ಸುತ್ತ ಕಪ್ಪು ಮುಳ್ಳು ಮುಳ್ಳಾಗಿ ಕೂದಲಿನಂತೆ ಎದ್ದು ನಿಂತಿರುತ್ತದೆ. ಮುಟ್ಟಿದರೆ ಗ್ರೀಸಿನಷ್ಟು ಮೆತ್ತಗೆ, ಬಟ್ಟೆಗೆ ಹತ್ತಿದರೆ ಹೋಗುವುದಿಲ್ಲ. ಒರೆಸಿ, ಮುಚ್ಚಳದ ರಬ್ಬರ್ ಬಳೆ (ಓರಿಂಗ್) ನೋಡಿ, ಮುಚ್ಚಿ. ಫಿಲ್ಟರ್ ಇಲ್ಲದಿದ್ದರೆ ಹಾಕಿಸಿ. ಬಾಯ್ಲರ್‌ಗೆ ಮಾಡಿಸುವ ಖರ್ಚುಗಳಲ್ಲಿ ನಾನು ಕಣ್ಣು ಮುಚ್ಚಿ ಹೂಂ ಅನ್ನುವುದು ಇದೊಂದಕ್ಕೇ.

ಉರಿಯುವಾಗ ಒಲೆ ಮೇಲೆ ನೀರು ಕುದಿಯುವಂಥ ಸದ್ದು ಬರುತ್ತಿತ್ತು.

ಹೀಟ್ ಎಕ್ಸ್‌ಚೇಂಜರ್, ಅಂದರೆ ಬೆಂಕಿಯ ಶಾಖ ನೀರಿಗೆ ದಾಟುವ ಭಾಗ, ಅದರ ಒಳಗೆ ಸುಣ್ಣದ ಪದರ ಅಥವಾ ಗಸಿ ಕೂತಿರಬಹುದು. ಅದರ ಕೆಳಗೆ ಸಿಕ್ಕ ನೀರು ಜಾಗ ಜಾಗದಲ್ಲಿ ಕುದಿಯುತ್ತದೆ, ಆ ಗುಳ್ಳೆಗಳ ಸದ್ದು ಅದು. ಪಂಪ್ ನಿಧಾನವಾಗಿದ್ದರೂ ಬರಬಹುದು. ಮೆಕ್ಯಾನಿಕ್‌ಗೆ ಹೇಳಿ, ಔಷಧಿ ಹಾಕಿ ತೊಳೆಯುತ್ತಾರೆ. ಎಕ್ಸ್‌ಚೇಂಜರ್ ಅಲ್ಯೂಮಿನಿಯಂನದ್ದಾದರೆ ಎಲ್ಲ ಔಷಧಿಯೂ ಆಗಿಬರುವುದಿಲ್ಲ, ಅದನ್ನು ಮೊದಲೇ ಹೇಳಿಬಿಡಿ.

ಗ್ಯಾಸ್ ಬಾಯ್ಲರ್‌ನಲ್ಲಿ ನಾನೇ ಏನು ಮಾಡಬಹುದು?

ಹೊರಗಿನ ಧೂಳು ಒರೆಸಿ. ಗಾಳಿ ಬರುವ ಜಾಲರಿ, ಹೊರಗೋಡೆಯ ಹೊಗೆ ಬಾಯಿ ತೆರೆದಿದೆಯಾ ನೋಡಿ. ಬೇಸಿಗೆಯಲ್ಲಿ ಬೆಳೆದ ಬಳ್ಳಿ ಆ ಬಾಯಿಯನ್ನು ಮುಚ್ಚಿಬಿಡುತ್ತದೆ. ಬಾಯ್ಲರ್ ಕೋಣೆಯನ್ನು ಗೋಡೌನ್ ಮಾಡಬೇಡಿ. ಪೇಂಟ್, ತಿನ್ನರ್, ಬ್ಲೀಚ್ ಅಲ್ಲಿ ಬೇಡವೇ ಬೇಡ.

ಮುಚ್ಚಳ ಬಿಚ್ಚಿ ಬರ್ನರ್ ಮುಟ್ಟುವುದು, ಗ್ಯಾಸ್ ವಾಲ್ವ್ ತಿರುಗಿಸುವುದು ನಿಮ್ಮ ಕೆಲಸ ಅಲ್ಲ, ನನ್ನದೂ ಅಲ್ಲ. ಲೈಸೆನ್ಸ್ ಇರುವವರು ಬಂದು ಹೊಗೆಯಲ್ಲಿನ ಕಾರ್ಬನ್ ಮಾನಾಕ್ಸೈಡ್ ಅನ್ನುವ ವಿಷದ ಅನಿಲವನ್ನು ಯಂತ್ರ ಇಟ್ಟು ಅಳೆಯಬೇಕು. ಅಳೆಯದೆ "ಎಲ್ಲ ಸರಿಯಿದೆ" ಅಂದರೆ ಸರ್ವಿಸ್ ಆಗಿಲ್ಲ ಅಂತಲೇ ತಿಳಿಯಿರಿ. ಹಳೆಯ ಬಾಯ್ಲರ್‌ನಲ್ಲಿ ಸದಾ ಉರಿಯುವ ಪೈಲಟ್ ದೀಪ ಇದ್ದರೆ, ಬೇಸಿಗೆಗೆ ಆರಿಸಿ ಗ್ಯಾಸ್ ಉಳಿಸಬಹುದು. ಮತ್ತೆ ಹೊತ್ತಿಸುವ ಕ್ರಮ ಪುಸ್ತಕದಲ್ಲಿ ಓದಿ ಅರ್ಥ ಮಾಡಿಕೊಂಡಿದ್ದರೆ ಮಾತ್ರ.

ನಮ್ಮದು ಕಂಡೆನ್ಸಿಂಗ್ ಬಾಯ್ಲರ್. ಬೇರೆ ಏನಾದರೂ ಇದೆಯಾ?

ಇದೆ, ಅದೂ ಬಹಳ ಜನಕ್ಕೆ ಗೊತ್ತಿಲ್ಲದ್ದು. ಈ ಬಾಯ್ಲರ್ ಹೊಗೆಯಲ್ಲಿನ ಹಬೆಯನ್ನೂ ತಣ್ಣಗೆ ಮಾಡಿ ಅದರ ಶಾಖ ಹಿಂಡುತ್ತದೆ. ವಾಪಸ್ ಬರುವ ನೀರು ಸುಮಾರು 55 ಡಿಗ್ರಿಗಿಂತ ಕಡಿಮೆ ಇದ್ದಾಗ ಹಬೆ ನೀರಾಗಿ ಹೊರಗೆ ಹರಿಯುತ್ತದೆ. ಆ ನೀರು ಹುಳಿ, ಪಿಎಚ್ 3ರಿಂದ 5ರ ನಡುವೆ. ಅದು ಹೋಗುವ ದಾರಿಯಲ್ಲಿ ಯು ಆಕಾರದ ಒಂದು ಟ್ರ್ಯಾಪ್ ಇದೆ. ಅದರಲ್ಲಿ ನಿಂತ ನೀರೇ ಹೊಗೆ ಮನೆಯೊಳಗೆ ಬರದಂತೆ ತಡೆಯುವುದು. ಹೀಟಿಂಗ್‌ಗೆ ಮಾತ್ರ ಇರುವ ಬಾಯ್ಲರ್ ತಿಂಗಳುಗಟ್ಟಲೆ ಆರಿದ್ದರೆ ಆ ನೀರು ಒಣಗಿಹೋಗುತ್ತದೆ. ಆಮೇಲೆ ಆನ್ ಮಾಡಿದರೆ ಹೊಗೆ ಟ್ರ್ಯಾಪ್ ಮೂಲಕ ಕೋಣೆಗೆ ಬರಬಹುದು. ಋತು ಮುಗಿದಾಗ ಟ್ರ್ಯಾಪ್ ತೊಳೆಸಿ, ಶುರುಮಾಡುವ ಮುಂಚೆ ನೀರು ತುಂಬಿದೆಯಾ ನೋಡಿಸಿ.

ಎಣ್ಣೆ ಬಾಯ್ಲರ್?

ಮಸಿ ಬ್ರಷ್ ಹಾಕಿಸಿ ತೆಗೆಸುವುದು ಮೊದಲ ಕೆಲಸ. ಕಾರಣ ಮೇಲೆ ಹೇಳಿದ್ದೇನೆ. ಎಣ್ಣೆ ಚಿಮ್ಮಿಸುವ ಮೂತಿ (ನಾಝಲ್) ಮತ್ತು ಎಣ್ಣೆ ಫಿಲ್ಟರ್ ವರ್ಷಕ್ಕೊಮ್ಮೆ ಬದಲಿಸುವುದು ವಾಡಿಕೆ. ನಾಝಲ್‌ನ ಅಳತೆಯೂ ಎಣ್ಣೆ ಚಿಮ್ಮುವ ಕೋನವೂ ಹಳೆಯದರಷ್ಟೇ ಇರಬೇಕು, "ಹತ್ತಿರದ್ದು" ಆಗಲ್ಲ.

ಕಬ್ಬಿಣದ ಟ್ಯಾಂಕನ್ನು ಬೇಸಿಗೆಯಲ್ಲಿ ತುಂಬಿಸಿಡುವುದು ಒಳ್ಳೆಯದು. ಖಾಲಿ ಜಾಗ ಇದ್ದಷ್ಟೂ ಗೋಡೆಗೆ ತೇವ ಕೂರುತ್ತದೆ, ಹನಿಯಾಗಿ ಇಳಿದು ಎಣ್ಣೆಯ ತಳ ಸೇರುತ್ತದೆ. ಆ ನೀರು ಟ್ಯಾಂಕಿನ ತಳವನ್ನು ತುಕ್ಕು ಹಿಡಿಸುತ್ತದೆ, ನೀರೂ ಎಣ್ಣೆಯೂ ಸೇರುವ ಕಡೆ ಪಾಚಿಯಂಥ ಲೋಳೆ ಬೆಳೆಯುತ್ತದೆ. ಹೊಸ ಎಣ್ಣೆ ಹಾಕಿಸುವಾಗ ಬಾಯ್ಲರ್ ಆರಿಸಿ, ಕದಡಿದ ಗಸಿ ಕೂರುವವರೆಗೆ ಕೆಲವು ಗಂಟೆ ಬಿಡಿ.

ಸೌದೆ ಬಾಯ್ಲರ್ ಇದೆ. ಕೊನೆಯ ಬೂದಿ ಹಾಗೇ ಇದ್ದರೆ ತೊಂದರೆಯಾ?

ಇಲ್ಲೇ ಜನ ಜಾಸ್ತಿ ಎಡವುವುದು. ಬೂದಿ ತೇವ ಹೀರುತ್ತದೆ. ಮಳೆಗಾಲದ ನಡುವೆ ಒಮ್ಮೆ ಬಾಗಿಲು ತೆರೆದು ನೋಡಿ, ಬೂದಿ ಒದ್ದೆ ಮಣ್ಣಿನಂತೆ ತಟ್ಟೆಗೆ ಅಂಟಿರುತ್ತದೆ, ಗೋಡೆಯ ಮೇಲೆ ಕಂದು ಹನಿಗಳು ಇಳಿದ ಗೆರೆ ಕಾಣುತ್ತದೆ. ಅದನ್ನು ಕೆರೆದರೆ ಕೆಳಗೆ ಕಬ್ಬಿಣ ಪದರ ಪದರವಾಗಿ ಏಳುತ್ತದೆ.

ಕೊನೆಯ ಬೆಂಕಿಯನ್ನು ಒಣ ಸೌದೆ ಹಾಕಿ ಜೋರಾಗಿ ಉರಿಸಿ. ಅದು ಸೌದೆಯ ಹೊಗೆಯಿಂದ ಕೂತ ಮೆತ್ತಗಿನ ಟಾರನ್ನು ಒಣಗಿಸುತ್ತದೆ, ಆಮೇಲೆ ಕೆರೆಯಲು ಸುಲಭ. ಚಿಮಣಿಯಲ್ಲಿ ಟಾರು ದಪ್ಪಗೆ ಕೂತಿರುವ ಅನುಮಾನ ಇದ್ದರೆ ಈ ಕೆಲಸ ಮಾಡಬೇಡಿ, ಚಿಮಣಿಗೇ ಬೆಂಕಿ ಹತ್ತೀತು. ಮೊದಲು ಚಿಮಣಿ ಗುಡಿಸುವವರನ್ನು ಕರೆಸಿ.

ತಣ್ಣಗಾದ ಮೇಲೆ ತಂತಿ ಬ್ರಷ್‌ನಿಂದ ಹೊಗೆ ಹೋಗುವ ದಾರಿಯನ್ನೆಲ್ಲ ಉಜ್ಜಿ. ಮುಖಕ್ಕೆ ಮಾಸ್ಕ್ ಇರಲಿ. ಬೂದಿಯನ್ನು ಮುಚ್ಚಳ ಇರುವ ಲೋಹದ ಬಕೆಟ್‌ಗೆ ಹಾಕಿ ಮನೆಯ ಹೊರಗೆ, ಸುಡುವ ವಸ್ತು ಇಲ್ಲದ ಕಡೆ ಇಡಿ. ತಣ್ಣಗಿದೆ ಅಂತ ಕಂಡ ಬೂದಿಯ ಹೊಟ್ಟೆಯಲ್ಲಿ ಕೆಂಡ ದಿನಗಟ್ಟಲೆ ಜೀವ ಹಿಡಿದಿರುತ್ತದೆ. ಮನೆ ಗುಡಿಸುವ ವ್ಯಾಕ್ಯೂಮ್ ಇದಕ್ಕೆ ಬಳಸಬೇಡಿ. ಕೆಂಡ ಇದ್ದರೆ ಅದಕ್ಕೇ ಬೆಂಕಿ, ಇಲ್ಲದಿದ್ದರೂ ನುಣ್ಣನೆಯ ಬೂದಿ ಫಿಲ್ಟರ್ ದಾಟಿ ಮನೆ ತುಂಬ ಹರಡುತ್ತದೆ.

ಬಾಗಿಲಿನ ಸುತ್ತ ಇರುವ ಹಗ್ಗದಂಥ ಸೀಲ್ ನೋಡಿ. ಒಂದು ಕಾಗದದ ಪಟ್ಟಿ ಇಟ್ಟು ಬಾಗಿಲು ಮುಚ್ಚಿ ಎಳೆಯಿರಿ. ಸಲೀಸಾಗಿ ಬಂದರೆ ಸೀಲ್ ಹೋಗಿದೆ. ತೀರಾ ಹಳೆಯ ಬಾಯ್ಲರ್ ಆದರೆ ಆ ಹಗ್ಗದಲ್ಲಿ, ಹೊದಿಕೆಯಲ್ಲಿ ಆಸ್ಬೆಸ್ಟಾಸ್ ಇರಬಹುದು. ಕೆರೆಯಬೇಡಿ, ತಿಳಿದವರಿಗೆ ಬಿಡಿ. ಎಲ್ಲ ಆದಮೇಲೆ ಗಾಳಿ ಬಾಗಿಲನ್ನು ಸ್ವಲ್ಪ ತೆರೆದಿಟ್ಟರೆ ಒಳಗೆ ಗಾಳಿ ಆಡುತ್ತದೆ. ನೆಲಮಾಳಿಗೆಯೇ ತೇವವಾಗಿದ್ದರೆ ಇದು ಉಲ್ಟಾ ಹೊಡೆಯುತ್ತದೆ. ಆಗ ಮುಚ್ಚಿ, ಒಳಗೆ ತೇವ ಹೀರುವ ಚೀಲ ಇಡಿ.

ಪೆಲೆಟ್ ಉಳಿದಿದೆ. ಮುಂದಿನ ವರ್ಷಕ್ಕೆ ಇರಲಿ ಅಂತ ಬಿಡಲಾ?

ಚೀಲದಲ್ಲಿ ಒಣಗಿದ್ದರೆ ಇರಲಿ. ಬಾಯ್ಲರ್‌ನ ಹಾಪರ್‌ನಲ್ಲಿ, ಅಂದರೆ ಪೆಲೆಟ್ ತುಂಬುವ ಪೆಟ್ಟಿಗೆಯಲ್ಲಿ, ಬಿಡಬೇಡಿ. ತೇವ ಹೀರಿ ಊದಿಕೊಂಡು ಮತ್ತೆ ಮರದ ಪುಡಿಯಾಗುತ್ತದೆ, ಪೆಲೆಟ್ ತಳ್ಳುವ ತಿರುಪು ಜಾಮ್ ಆಗುತ್ತದೆ. ಇನ್ನೊಂದು ಎಚ್ಚರಿಕೆ: ಪೆಲೆಟ್‌ಗಳು ಸುಮ್ನೆ ಬಿದ್ದಿದ್ದರೂ ಕಾರ್ಬನ್ ಮಾನಾಕ್ಸೈಡ್ ಬಿಡುತ್ತವೆ. ದೊಡ್ಡ ಪೆಲೆಟ್ ಕೋಣೆಯಾದರೆ ಬಾಗಿಲು ತೆರೆದು ಚೆನ್ನಾಗಿ ಗಾಳಿ ಆಡಿದ ಮೇಲೇ ಒಳಗೆ ಕಾಲಿಡಿ, ಹೊರಗೆ ಇನ್ನೊಬ್ಬರು ನಿಂತಿರಲಿ.

ಹಕ್ಕಿ ಗೂಡು ಕಟ್ಟುತ್ತೆ. ಚಿಮಣಿ ಬಾಯಿ ಮುಚ್ಚಲಾ?

ಜಾಲರಿ ಹಾಕಿಸುವುದು ವಾಸಿ. ಮುಚ್ಚಲೇಬೇಕಾದರೆ ಬಾಯ್ಲರ್ ಸ್ವಿಚ್ಚಿಗೆ "ಚಿಮಣಿ ಮುಚ್ಚಿದೆ" ಅಂತ ದೊಡ್ಡ ಅಕ್ಷರದ ಚೀಟಿ ಅಂಟಿಸಿ. ಆ ಬಾಯ್ಲರ್ ಬಿಸಿನೀರಿಗೂ ಬಳಕೆಯಾಗುತ್ತಿದ್ದರೆ ಮುಚ್ಚುವ ಮಾತೇ ಬೇಡ.

ಬೇಸಿಗೆಯಲ್ಲಿ ಬಾಯ್ಲರ್ ಆರಿಸಿ ಕರೆಂಟಿನಲ್ಲಿ ನೀರು ಕಾಯಿಸುತ್ತೇವೆ. ಎಷ್ಟು ಬಿಸಿ ಸಾಕು?

ಟ್ಯಾಂಕಿನಲ್ಲಿ 60 ಡಿಗ್ರಿ. ಕರೆಂಟ್ ಉಳಿಸಲು 40ಕ್ಕೆ ಇಡುವವರಿದ್ದಾರೆ. 20ರಿಂದ 45 ಡಿಗ್ರಿಯ ನಿಂತ ನೀರಿನಲ್ಲಿ ಲೀಜಿಯನೆಲ್ಲಾ ಅನ್ನುವ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಶವರ್‌ನ ಸಣ್ಣ ಹನಿಗಳ ಜೊತೆ ಉಸಿರಿಗೆ ಹೋದರೆ ನ್ಯುಮೋನಿಯಾ ಬರಬಹುದು. ಮಕ್ಕಳು, ವಯಸ್ಸಾದವರು ಇದ್ದರೆ 60 ಡಿಗ್ರಿಯ ನೀರು ನೇರ ನಲ್ಲಿಗೆ ಬಂದು ಕೈ ಸುಡದಂತೆ ಮಿಕ್ಸಿಂಗ್ ವಾಲ್ವ್ ಹಾಕಿಸಿ.

ಕಾರ್ಬನ್ ಮಾನಾಕ್ಸೈಡ್ ಅಲಾರಂ ಬೇಸಿಗೆಯಲ್ಲೂ ಬೇಕಾ?

ಬೇಕು. ಆ ಅನಿಲಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ತಲೆನೋವು, ತಲೆ ಸುತ್ತು, ವಾಂತಿ ಬಂದ ಹಾಗಾಗುವುದು ಶುರುವಾಗಿ ಹೊರಗೆ ಹೋದ ತಕ್ಷಣ ಕಡಿಮೆಯಾದರೆ ಅನುಮಾನ ಪಡಿ. ಅಲಾರಂ ಹಿಂಬದಿಯಲ್ಲಿ ಮುಗಿಯುವ ವರ್ಷ ಬರೆದಿರುತ್ತದೆ. ಒಳಗಿನ ಸೆನ್ಸರ್‌ಗೂ ಆಯಸ್ಸು ಇದೆ. ಟೆಸ್ಟ್ ಬಟನ್ ಒತ್ತಿದಾಗ ಕೂಗಿದರೆ ಬ್ಯಾಟರಿ, ಬಜ಼ರ್ ಸರಿಯಿದೆ ಅಂತ ಅಷ್ಟೇ ಅರ್ಥ.

ಮತ್ತೆ ಚಳಿ ಬಂದಾಗ ಹೇಗೆ ಶುರುಮಾಡಬೇಕು?

ಚಳಿ ಬರುವ ದಿನಕ್ಕೆ ಕಾಯಬೇಡಿ, ಎರಡು ಮೂರು ವಾರ ಮುಂಚೆ ಒಂದು ಹಗಲು ನೋಡಿ. ರಾತ್ರಿ ಕೈ ಕೊಟ್ಟರೆ ಯಾರೂ ಸಿಗುವುದಿಲ್ಲ. ಚಿಮಣಿ ಮುಚ್ಚಿದ ಚೀಟಿ ಇದೆಯಾ ನೋಡಿ. ಗೇಜಿನ ಮುಳ್ಳು ಬೇಸಿಗೆಯ ಗೆರೆಯಲ್ಲಿದೆಯಾ ನೋಡಿ. ಟ್ರ್ಯಾಪ್‌ನಲ್ಲಿ ನೀರಿದೆಯಾ ನೋಡಿಸಿ. ಆಮೇಲೆ ಥರ್ಮೋಸ್ಟಾಟ್ ಏರಿಸಿ ಬಾಯ್ಲರ್ ಹತ್ತಿರವೇ ನಿಲ್ಲಿ. ಮೊದಲ ಹತ್ತು ನಿಮಿಷ ಧೂಳು ಸುಟ್ಟ ವಾಸನೆ ಬರುವುದು ಮಾಮೂಲು. ಗ್ಯಾಸ್ ವಾಸನೆ ಬಂದರೆ ಯಾವ ಸ್ವಿಚ್ಚೂ ಮುಟ್ಟದೆ, ಕಿಟಕಿ ತೆರೆದು, ಹೊರಗೆ ಹೋಗಿ ಫೋನ್ ಮಾಡಿ. ಅರ್ಧ ಗಂಟೆ ಕಳೆದ ಮೇಲೆ ಕಳೆದ ಸಲ ಆರಿಸುವ ಮುಂಚೆ ಬರೆದ ಆ ಚೀಟಿ ಹಿಡಿದು ರೇಡಿಯೇಟರ್‌ಗಳನ್ನು ಒಂದೊಂದಾಗಿ ಮುಟ್ಟುತ್ತಾ ಬನ್ನಿ.